ಕೈ ಹಿಡಿದು ಒಪ್ಪಿಸುವುದು

ಹಂಪಸಾಗರದ ಹತ್ತಿರ
೯ ಜೂನ್ ೨೦೨೪

ಅವ್ವಾ,

ಫೋನು ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಓದದೆ ಎತ್ತಿಟ್ಟರೂ ಅದು ಮನೆಯಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ.

ಈ ವರ್ಷ ನನ್ನನ್ನು ನಮ್ಮ ಸೀಮೆಗೇ ಕಳಿಸಿದ್ದಾರೆ. ನಮ್ಮ ಅರಸೀಕೆರೆಯಿಂದ ಮೂರು ಬಸ್ಸು ಬದಲಿಸಿದರೆ ಈ ಊರು. ನಾವು ಮೂವರು ಸಿಸ್ಟರುಗಳು. ದೊಡ್ಡವರು ಸಿಸ್ಟರ್ ಬೆನೆಡಿಕ್ಟಾ, ಅರವತ್ತು ದಾಟಿದವರು, ಕಾರವಾರದ ಕಡೆಯವರು. ಇನ್ನೊಬ್ಬರು ಸಿಸ್ಟರ್ ಜಸಿಂತಾ, ನರ್ಸ್. ಊರಲ್ಲಿ ನಮ್ಮ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ. ಊರವರ ನಡುವೆ ಮನೆ ಮಾಡಿಕೊಂಡು ಇರಬೇಕು, ಅವರ ಜೊತೆ ಹೊಲಕ್ಕೆ ಹೋಗಬೇಕು, ಸಂಜೆ ಮಕ್ಕಳಿಗೆ ಓದಿಸಬೇಕು, ಅಷ್ಟೇ.

ಮನೆ ಸಿಗಲು ಹತ್ತು ದಿನ ಬೇಕಾಯಿತು. ಕೊನೆಗೆ ಜಂಬಣ್ಣ ಎಂಬ ರೈತರು ತಮ್ಮ ಮನೆಯ ಪಕ್ಕದ ಹಳೆಯ ಮನೆ ತೋರಿಸಿದರು.

"ಮನ್ಯಾಗ ಗಂಡಸರು ಯಾರ್ ಅದಾರ?" ಎಂದು ಕೇಳಿದರು.

ಯಾರೂ ಇಲ್ಲ, ನಾವು ಮೂವರೇ ಎಂದೆವು.

"ಮತ್ತ ನಾಳೆ ಹಾವು ಪಾವು ಬಂದರ ಯಾರನ್ನ ಕರೀತೀರಿ?"

"ನಿಮ್ಮನ್ನೇ," ಎಂದರು ಸಿಸ್ಟರ್ ಬೆನೆಡಿಕ್ಟಾ.

ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ ನಾಗಲಿಂಗಮ್ಮ ನಕ್ಕುಬಿಟ್ಟರು. "ಇವರನ್ನ ಕರದ್ರ ಆತು ಬಿಡ್ರಿ. ಹಾವು ಅಂದ್ರ ಇವರ ಮೊದಲ ಮಂಚ ಹತ್ತತಾರ." ಆ ನಗುವಿನಲ್ಲಿ ಮನೆ ನಮ್ಮದಾಯಿತು.

ಅವ್ವಾ, ಬರುವ ಮೇ ಮೂರಕ್ಕೆ ಬಳ್ಳಾರಿಯ ನಮ್ಮ ದೊಡ್ಡ ಕಾನ್ವೆಂಟಿನಲ್ಲಿ ನನ್ನ ಕಡೆಯ ವ್ರತ. ಅದಾದ ಮೇಲೆ ಸಾಯುವ ತನಕ ನಾನು ಸಿಸ್ಟರ್. ಆ ದಿನ ತಂದೆಯೋ ತಾಯಿಯೋ ಮಗಳ ಕೈ ಹಿಡಿದು ಚರ್ಚಿನ ಬಾಗಿಲಿನಿಂದ ದೇವರ ಮುಂದಿನವರೆಗೆ ಕರೆತಂದು ಒಪ್ಪಿಸುವುದು ನಮ್ಮಲ್ಲಿ ರೂಢಿ. ಆರು ವರ್ಷದ ಹಿಂದೆ ಮೊದಲ ವ್ರತಕ್ಕೆ ನೀನು ಬರಲಿಲ್ಲ. ನನ್ನ ಕೈಯನ್ನು ಸಿಸ್ಟರ್ ಬೆನೆಡಿಕ್ಟಾ ಹಿಡಿದರು. ಈ ಸಲ ನೀನು ಬರಬೇಕು. ನೀನು ಬೇಡವೆಂದರೂ ಅವರು ನನ್ನನ್ನು ಸೇರಿಸಿಕೊಳ್ಳುತ್ತಾರೆ. ಆದರೆ ನೀನು ಬೇಡವೆನ್ನುತ್ತಿರುವಾಗ ನಾನು ಆ ವ್ರತದ ಮಾತು ಹೇಳಲಾರೆ.

ನಿನ್ನ ಮಗಳು,
ರೇಖಾ


೧೪ ಜುಲೈ ೨೦೨೪

ಅವ್ವಾ,

ನಿನ್ನಿಂದ ಕಾಗದ ಬರಲಿಲ್ಲ. ನೀನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ನನ್ನ ಅಕ್ಷರ ನಿನಗೆ ತಿಳಿಯುತ್ತದೆ. ಅದಕ್ಕೇ ದುಂಡಗೆ ಬರೆಯುತ್ತಿದ್ದೇನೆ.

ನಾವು ಈಗ ಕಳೆ ತೆಗೆಯಲು ಹೋಗುತ್ತೇವೆ. ಹೆಂಗಸರ ಸಾಲಿನಲ್ಲಿ ಕೂತು ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗೆ ಹಿಡಿಯುತ್ತೇವೆ. ನನ್ನ ಕೈಗೆ ಈ ಕೆಲಸ ಗೊತ್ತು, ರಜೆಗೆ ಬಂದಾಗ ನೀನೇ ಕಲಿಸಿದ್ದು. ಸಿಸ್ಟರ್ ಜಸಿಂತಾ ಮಾತ್ರ ಸಮುದ್ರದ ಕಡೆಯವರು. ಮೊದಲ ದಿನ ಒಂದು ಸಾಲು ಪೂರ್ತಿ ಕಿತ್ತು ಹಾಕಿ ಹಿಂದಿರುಗಿ ನೋಡಿ ಖುಷಿಪಟ್ಟರು. ಪಕ್ಕದ ಮುದುಕಿ ನೋಡಿದಳು.

"ಏ ಸಿಸ್ಟರ, ಅದು ಕಳಿ ಅಲ್ಲವ್ವ, ಶೇಂಗಾ. ನೀ ಹಿಂಗ ಕಿತ್ತರ ಹೊಲದಾಗ ಕಳಿನ ಉಳೀತೈತಿ."

ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಅವರ ಬಾಯಿ ಸಲೀಸಾಯಿತು. ಗಂಡ ಯಾಕಿಲ್ಲ, ಕುಂಕುಮ ಯಾಕಿಲ್ಲ, ಬಳೆ ಯಾಕಿಲ್ಲ, ಎಲ್ಲ ಕೇಳಿದರು. ಸಿಸ್ಟರ್ ಬೆನೆಡಿಕ್ಟಾ ತಮ್ಮ ಬೆರಳಿನ ಉಂಗುರ ತೋರಿಸಿ, ನಮ್ಮ ಬಾಳು ದೇವರಿಗೆ ಕೊಟ್ಟದ್ದು ಎಂದು ಹೇಳಿದರು.

"ಓ," ಎಂದಳು ಮುದುಕಿ, ಎಲ್ಲ ತಿಳಿದವಳಂತೆ. "ದೇವರಿಗೆ ಬಿಟ್ಟೋರು. ಹಂಗಾರ ಇವರು ಎಂದೂ ಮುಂಡೇರಾಗಂಗಿಲ್ಲ ಬಿಡ್ರೆ. ದೇವರು ಸಾಯಂಗಿಲ್ಲಲ್ಲ."

ಹೆಂಗಸರು ತಲೆಯಾಡಿಸಿದರು. ಸಿಸ್ಟರ್ ಬೆನೆಡಿಕ್ಟಾ ಸಂತೋಷದಿಂದ, ಹೌದು ಹೌದು ಎಂದರು. ಆ ಮಾತಿಗೆ ಈ ಸೀಮೆಯಲ್ಲಿ ಏನು ಅರ್ಥವೆಂದು ಅವರಿಗೆ ಆಗ ಹೊಳೆಯಲಿಲ್ಲ. ನಾನು ತಲೆ ತಗ್ಗಿಸಿ ಕಳೆ ತೆಗೆಯುತ್ತಿದ್ದೆ.

ಮಳೆ ಚೆನ್ನಾಗಿದೆ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ?

ನಿನ್ನ ಮಗಳು,
ರೇಖಾ


ಅರಸೀಕೆರೆ
೪ ಆಗಸ್ಟ್ ೨೦೨೪

ರೇಖಾಳಿಗೆ,

ಎರಡೂ ಕಾಗದ ಬಂದವು. ಓದಿದೆ.

ಆ ಮುದುಕಿ ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಅಜ್ಜಿಯನ್ನು ಗುಡ್ಡದ ಅಮ್ಮನಿಗೆ ಬಿಟ್ಟರು. ನನ್ನ ಚಿಕ್ಕವ್ವನನ್ನು ಬಿಟ್ಟರು. ನನಗೆ ಒಂಬತ್ತು ವರ್ಷಕ್ಕೆ ಕೊರಳಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಮರುದಿನದಿಂದ ಶಾಲೆ ಇಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಆಮೇಲೆ ಏನಾಯಿತೆಂದು ಕಾಗದದಲ್ಲಿ ಬರೆಯುವಂಥದ್ದಲ್ಲ, ನಿನಗೆ ಗೊತ್ತು. ನಿನ್ನ ಅಪ್ಪನ ಹೆಸರನ್ನು ನಿನಗೆ ಎಲ್ಲಿಯೂ ಬರೆಯಲಾಗಲಿಲ್ಲ, ಅದೂ ನಿನಗೆ ಗೊತ್ತು.

ನಿನಗೆ ಏಳು ತುಂಬಿದಾಗ ನಿನ್ನ ಸರದಿ ಎಂದು ಮಾತು ಎದ್ದಿತು. ಅದಕ್ಕೇ ಒಂದು ಬೆಳಗಿನ ಬಸ್ಸಿಗೆ ನಿನ್ನನ್ನು ಸಿಸ್ಟರುಗಳ ಹಾಸ್ಟೆಲ್ಲಿಗೆ ಬಿಟ್ಟು ಬಂದೆ. ಓದಲಿ, ನೌಕರಿ ಹಿಡಿಯಲಿ, ಒಬ್ಬ ಗಂಡಸು ನಾಲ್ಕು ಜನರೆದುರು ಇವಳು ನನ್ನ ಹೆಂಡತಿ ಎನ್ನಲಿ ಎಂದು. ನೀನು ದೊಡ್ಡವಳಾಗಿ, ತಿಳಿದು ತಿಳಿದು ಅವರ ದೇವರಿಗೆ ಬಿಟ್ಟವಳಾದೆ. ನಮ್ಮ ಮನೆಯಿಂದ ಹೆಣ್ಣು ಹೋಗುವುದು ತಪ್ಪಲಿಲ್ಲ.

ಹಂಪಕ್ಕನಿಗೆ ನಿನ್ನ ಕಾಗದ ಓದಿ ಹೇಳಿದೆ. ಶಾಲೆಯ ಬಿಸಿಯೂಟಕ್ಕೆ ನನ್ನ ಜೊತೆ ಅಡಿಗೆ ಮಾಡುವವಳು, ನನ್ನ ಹಾಗೇ ಮುತ್ತು ಕಟ್ಟಿಸಿಕೊಂಡವಳು. "ಯಾ ದೇವರಾದರೇನ ಗಿಡ್ಡಿ, ಹೆಣ್ಣನ್ನ ಬೇಡೋದು ಬಿಟ್ಟಿಲ್ಲ," ಎಂದಳು.

ನಾನು ಬಳ್ಳಾರಿಗೆ ಬರುವುದಿಲ್ಲ.

ಗಿಡ್ಡಮ್ಮ


೨೨ ಸೆಪ್ಟೆಂಬರ್ ೨೦೨೪

ಅವ್ವಾ,

ನಿನ್ನ ಕಾಗದಕ್ಕೆ ಎದುರು ಮಾತು ಬರೆದು ಎರಡು ಸಲ ಹರಿದು ಹಾಕಿದೆ. ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲವೆಂದಲ್ಲ. ನೀನು ಅನುಭವಿಸಿದ್ದರ ಮುಂದೆ ಅದನ್ನು ಇಡಲು ನಾಚಿಕೆಯಾಯಿತು.

ಇಲ್ಲಿ ಈರುಳ್ಳಿ ಕಿತ್ತಾಗಿದೆ. ನೆರಳಲ್ಲಿ ಕೂತು ಈರುಳ್ಳಿಯ ತಲೆ ಕೊಯ್ಯುತ್ತೇವೆ. ನನ್ನ ಕಣ್ಣು ಕೆಂಪಾದರೆ ಯಾರೂ ಕಾರಣ ಕೇಳುವುದಿಲ್ಲ, ಎಲ್ಲರ ಕಣ್ಣೂ ಹಾಗೇ ಇರುತ್ತದೆ. ಸಂಜೆ ಓದಲು ಇಪ್ಪತ್ತೆರಡು ಮಕ್ಕಳು ಬರುತ್ತಾರೆ. ಕೇರಿಯಿಂದ ಹತ್ತು, ಊರೊಳಗಿನಿಂದ ಹನ್ನೆರಡು. ಮೊದಮೊದಲು ಬೇರೆ ಬೇರೆ ಚಾಪೆಯಲ್ಲಿ ಕೂರುತ್ತಿದ್ದರು. ಈಗ ಒಂದೇ ಚಾಪೆ ಇಟ್ಟಿದ್ದೇವೆ, ಇನ್ನೊಂದು ಹರಿದುಹೋಯಿತು ಎಂದು ಸಿಸ್ಟರ್ ಬೆನೆಡಿಕ್ಟಾ ಸುಳ್ಳು ಹೇಳಿದ್ದಾರೆ.

ಹೋದ ವಾರ ನನಗೆ ಜ್ವರ. ನಾಗಲಿಂಗಮ್ಮ ಗಂಜಿ ತಂದು ಹತ್ತಿರ ಕೂತರು. ಹಣೆ ಮುಟ್ಟಿ ನೋಡಿದರು. ಆಮೇಲೆ ಮಾತಿಗೆ ಮಾತು ಬಂತು.

"ಯಾವೂರವ್ವ ನಿಂದು?"

"ಹರಪನಹಳ್ಳಿ ಕಡೆ ರಿ."

"ಅಪ್ಪ ಅವ್ವ ಅದಾರ?"

"ಅವ್ವ ಅದಾಳ್ರಿ."

"ಯಾರ ಪೈಕಿ?"

ಹಾಲು ಉಕ್ಕುತ್ತಿದೆ ಎಂದು ಹೇಳಿ ನಾನು ಎದ್ದು ಅಡಿಗೆಮನೆಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಇದನ್ನು ನಿನಗೆ ಹೇಳದೆ ಇರಬಹುದಾಗಿತ್ತು.

ರೇಖಾ


೨೭ ನವೆಂಬರ್ ೨೦೨೪

ಅವ್ವಾ,

ನೀನು ಆಮೇಲೆ ಬರೆಯಲಿಲ್ಲ. ಆದರೂ ಈ ವಿಷಯ ನಿನಗೇ ಹೇಳಬೇಕು.

ನಾಗಲಿಂಗಮ್ಮನ ಮಗಳು ಸುಮಲತಾಳ ಮದುವೆಯಾಯಿತು. ಮದುವೆಗೆ ನಾಲ್ಕು ದಿನ ಮೊದಲು ಅವರು ಅರಿಶಿನ ಹಚ್ಚಿದ ತಟ್ಟೆ ಹಿಡಿದು ನಮ್ಮ ಮನೆಗೆ ಬಂದರು. ಅವರ ಅತ್ತೆ ಹೇಳಿ ಕಳಿಸಿದ್ದರಂತೆ.

"ಹಿಂದಕ ದೇವರಿಗೆ ಬಿಟ್ಟೋರ ಕೈಲೇ ತಾಳಿ ಮಣಿ ಪೋಣಸ್ತಿದ್ರಂತ್ರಿ. ಹಂಗ ಪೋಣಿಸಿದ ತಾಳಿ ಹರಿಯಂಗಿಲ್ಲಂತ. ಈಗ ನಮ್ಮೂರಾಗ ಅಂಥೋರು ಯಾರೂ ಇಲ್ಲ. ನೀವು ಅದೀರಲ್ಲ. ದೊಡ್ಡ ಸಿಸ್ಟರಿಗೆ ಕಣ್ಣು ಮಂಜು. ಈ ತಂಗಿನ್ನ ಕಳಸ್ರಿ."

ಸಿಸ್ಟರ್ ಬೆನೆಡಿಕ್ಟಾ ನನ್ನ ಮುಖ ನೋಡಿದರು. ಅವರಿಗೆ ನಿನ್ನ ವಿಷಯ ಗೊತ್ತು. "ನಿನಗೆ ಬಿಟ್ಟದ್ದು," ಎಂದರು.

ನಾನು ಹೋದೆ. ಅವರು ನನ್ನನ್ನು ಒಳಮನೆಯಲ್ಲಿ, ದೇವರ ಜಗಲಿಯ ಮುಂದೆ ಕೂರಿಸಿದರು. ಕರಿಮಣಿ, ಹವಳ, ಗುಂಡು, ಎರಡು ತಾಳಿ. ದಾರಕ್ಕೆ ಅರಿಶಿನ ಹಚ್ಚಿದೆ. ಐದು ಕರಿಮಣಿ, ಒಂದು ಹವಳ, ಮತ್ತೆ ಐದು. ನಿನ್ನ ಬೆರಳುಗಳೇ ಓಡಾಡಿದಂತೆ ಅನಿಸಿತು. ಅವರ ಅತ್ತೆ ಹತ್ತಿರ ಬಗ್ಗಿ ನೋಡಿದರು.

"ಎಷ್ಟ್ ಚಂದ ಪೋಣಸ್ತೀಯವ್ವ. ಎಲ್ಲಿ ಕಲತಿ?"

"ನೋಡಿ ಕಲತೆ ರಿ," ಎಂದೆ. ಯಾರ ಕೈ ನೋಡಿ ಎಂದು ಹೇಳಲಿಲ್ಲ.

ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರಿಸಿದರು.

ರೇಖಾ


ಅರಸೀಕೆರೆ
೮ ಡಿಸೆಂಬರ್ ೨೦೨೪

ರೇಖಾಳಿಗೆ,

ನಾನು ಮೂವತ್ತು ವರ್ಷ ಊರವರ ಮದುವೆಗೆ ಮಣಿ ಪೋಣಿಸಿದೆ. ಗೌಡರ ಮನೆಗೆ, ಸಾಹುಕಾರರ ಮನೆಗೆ. ನನ್ನನ್ನು ಅಂಗಳದಲ್ಲಿ, ದನ ಕಟ್ಟುವ ಗೂಟದ ಪಕ್ಕ ಕೂರಿಸುತ್ತಿದ್ದರು. ಮುಗಿದ ಮೇಲೆ ನಾನು ತಟ್ಟೆ ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಅವರು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯಬೇಕು. ನನ್ನ ಕೈಯಿಂದ ಅವರ ಮಕ್ಕಳ ತಾಳಿ ಗಟ್ಟಿಯಾಗಬೇಕಿತ್ತು, ಆದರೆ ಆ ಕೈ ಹೊಸ್ತಿಲು ದಾಟಬಾರದಿತ್ತು. ನೀನು ಸಣ್ಣವಳು, ನನ್ನ ತೊಡೆಯ ಪಕ್ಕ ಕೂತು ಉದುರಿದ ಮಣಿ ಆರಿಸಿ ಕೊಡುತ್ತಿದ್ದೆ.

ನಿನ್ನನ್ನು ಒಳಗೆ ಕೂರಿಸಿದರು ಎಂದು ಬರೆದಿದ್ದೀ. ಅವರು ಕೂರಿಸಿದ್ದು ಯಾರನ್ನು?

ನಿನ್ನ ಇಷ್ಟದಿಂದ ಹೋದೆ ಎನ್ನುತ್ತೀ. ಇಷ್ಟದಿಂದ ಹೋದವಳು ಯಾಕೆ ಬಚ್ಚಿಟ್ಟುಕೊಳ್ಳಬೇಕು? ನೀನು ಯಾರ ಮಗಳೆಂದು ಆ ಮನೆಯವರಿಗೆ ಹೇಳು. ಹೇಳಿದ ಮೇಲೂ ಆ ಊರಲ್ಲಿ ಇರಲು ನಿನ್ನಿಂದ ಆದರೆ, ಆಮೇಲೆ ವ್ರತದ ಮಾತಾಡೋಣ. ಆಗದಿದ್ದರೆ ಮನೆಗೆ ಬಾ. ಮನೆ ಇದೆ.

ಗಿಡ್ಡಮ್ಮ


೨ ಫೆಬ್ರುವರಿ ೨೦೨೫

ಅವ್ವಾ,

ಹೇಳಿದೆ. ಧೈರ್ಯ ಬರಲು ಒಂದು ತಿಂಗಳು ಬೇಕಾಯಿತು.

ಸಂಕ್ರಾಂತಿಯ ಮರುದಿನ. ನಾಗಲಿಂಗಮ್ಮ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದರು. ನಾನು ಎದುರಿಗೆ ಕೂತೆ.

"ಅಕ್ಕಾರ, ನಮ್ಮವ್ವ ಅರಸೀಕೆರಿ ಗಿಡ್ಡಮ್ಮ. ಗುಡ್ಡದ ಅಮ್ಮಗ ಮುತ್ತು ಕಟ್ಟಿಸಿಕೊಂಡಾಕಿ. ನಾವು ಕೇರಿಯೋರು. ಮಣಿ ಪೋಣಿಸೋದು ಆಕಿ ಕೈ ನೋಡಿ ಕಲತಿದ್ದೆ."

ಮೊರ ನಿಂತಿತು.

"ಇದನ್ನ ನೀ ಆವತ್ತ ಹೇಳಬೇಕಾಗಿತ್ತು."

"ಹೌದ್ರಿ."

"ಹೇಳಿದ್ರ ನಾವು ಒಳಗ ಕರೀತಿದ್ದಿಲ್ಲ."

"ಗೊತ್ತೈತ್ರಿ."

"ಅದಕ್ಕ ಹೇಳಲಿಲ್ಲೇನು?"

"ಅದಕ್ಕ ಹೇಳಲಿಲ್ರಿ."

"ಮತ್ತ ಈಗ್ಯಾಕ ಹೇಳ್ತಿ?"

"ನಮ್ಮವ್ವ ಹೇಳು ಅಂದಾಳ್ರಿ."

ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ಅರ್ಧ ಕೇರಿದ ತೊಗರಿ ಅಲ್ಲೇ ಇತ್ತು.

ಸುಮಲತಾ ಹಬ್ಬಕ್ಕೆ ತವರಿಗೆ ಬಂದಿದ್ದಳು. ಮೂರನೆಯ ದಿನ ಅವಳ ತಾಳಿ ಬಿಚ್ಚಿ, ಮಣಿಗಳನ್ನು ಹಾಲಿನಲ್ಲಿ ತೊಳೆದು, ಬೇರೆಯವರ ಕೈಯಿಂದ ಪೋಣಿಸಿದರೆಂದು ಕೇಳಿದೆ. ನಮ್ಮ ಮನೆಗೆ ಹಾಲು ಬರುವುದು ನಿಂತಿತು. ಸಂಜೆಯ ಚಾಪೆಯಲ್ಲಿ ಹತ್ತೇ ಮಕ್ಕಳು ಉಳಿದವು. ಜಂಬಣ್ಣ ಬಂದು ಅಂಗಳದಲ್ಲೇ ನಿಂತು ಮಾತಾಡಿದರು. "ಮನಿ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಆದರ ಮಂದಿ ಬಾಯಿಗೆ ನಮ್ಮನ್ನ ಕೊಟ್ರಿ ನೋಡ್ರಿ ಸಿಸ್ಟರ."

ಸಿಸ್ಟರ್ ಬೆನೆಡಿಕ್ಟಾ ನನ್ನನ್ನು ಕರೆದು ಕೇಳಿದರು. ಬೇರೆ ಊರಿಗೆ ಕಳಿಸಲು ಬಳ್ಳಾರಿಗೆ ಬರೆಯಲೇ, ನಾಚಿಕೆಪಡಬೇಕಾದ್ದು ಏನೂ ಇಲ್ಲ ಎಂದರು. ನಾನು ಒಂದು ರಾತ್ರಿ ಸಮಯ ಕೇಳಿದೆ. ನಿನ್ನ ಮನೆಗೆ ಬಂದುಬಿಡುವುದನ್ನೂ ಯೋಚಿಸಿದೆ ಅವ್ವಾ. ನೀನು ಬಾಗಿಲು ತೆಗೆಯುವುದು ಕಣ್ಣಿಗೆ ಕಟ್ಟಿತು. ಆದರೂ ಬೆಳಿಗ್ಗೆ ಎದ್ದಾಗ ನನಗೆ ಇಲ್ಲಿಯೇ ಇರಬೇಕೆನಿಸಿತು. ಯಾಕೆಂದು ಬಿಡಿಸಿ ಹೇಳಲು ಬರುವುದಿಲ್ಲ. ಹಸಿವಾದಾಗ ಹಸಿವಾಗಿದೆ ಎಂದು ಗೊತ್ತಾಗುವ ಹಾಗೆ ಗೊತ್ತಾಯಿತು.

ಈಗ ಬಾವಿಯ ಹತ್ತಿರ ಯಾರಾದರೂ ಯಾರ ಮಗಳು ಎಂದು ಕೇಳಿದರೆ ಗಿಡ್ಡಮ್ಮನ ಮಗಳು ಎನ್ನುತ್ತೇನೆ. ನಾಲ್ಕು ಮಕ್ಕಳು ಚಾಪೆಗೆ ತಿರುಗಿ ಬಂದಿವೆ.

ರೇಖಾ


ಅರಸೀಕೆರೆ
೨೩ ಮಾರ್ಚ್ ೨೦೨೫

ರೇಖಾ,

ಹೋದ ವಾರ ನಾನು ನಿನ್ನ ಊರಿಗೆ ಬಂದಿದ್ದೆ. ಹಂಪಕ್ಕನೂ ಇದ್ದಳು. ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಬಸ್ಸಿಳಿದು ಬರುವಾಗ ದಾರಿಯ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಿರಿ. ನಿನ್ನ ಬೂದು ಸೀರೆ ಕಂಡಿತು. ಪಕ್ಕದವಳು ಏನೋ ಅಂದಳು, ನೀನು ಅವಳ ಬೆನ್ನಿಗೆ ಗುದ್ದಿ ನಕ್ಕೆ. ಹಂಪಕ್ಕ ಕೂಗಲು ಬಾಯಿ ತೆರೆದಳು, ನಾನು ತಡೆದೆ. ಕೆಲಸದಲ್ಲಿದ್ದೆಯಲ್ಲ.

ಆ ನಾಗಲಿಂಗಮ್ಮನ ಮನೆ ಕೇಳಿಕೊಂಡು ಹೋದೆವು. ಕಟ್ಟೆಯ ಮೇಲೆ ಕೂತು ನೀರು ಕೇಳಿದೆ. ಯಾವೂರು ಎಂದಳು. ಅರಸೀಕೆರಿ ಎಂದೆ. ಅವಳ ಮುಖ ಬದಲಾಯಿತು. ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ತಂಬಿಗೆಯನ್ನು ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟಳು. ಆದರೆ ಅದೇ ಕಟ್ಟೆಯ ಆ ತುದಿಗೆ ತಾನೂ ಕೂತಳು.

"ಬಿಚ್ಚಿದ್ದು ನಮ್ಮತ್ತಿ ರಿ," ಎಂದಳು. "ನಾ ಬ್ಯಾಡ ಅನ್ನಲಿಲ್ಲ. ಅದೂ ಖರೇನ."

"ಎಷ್ಟ್ ಸಲ ಬಿಚ್ಚಿದರೂ ಮಣಿ ಅವ ಅಲ್ಲೇನ್ರಿ?" ಎಂದಳು ಹಂಪಕ್ಕ. ಅವಳ ಬಾಯಿ ನಿನಗೆ ಗೊತ್ತಲ್ಲ.

ನಾಗಲಿಂಗಮ್ಮ ಅದಕ್ಕೆ ಸಿಟ್ಟಾಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ನನಗೂ ಒಬ್ಬಾಕಿನ ಮಗಳು. ಗಂಡನ ಮನಿಗೆ ಕಳಿಸಿ ಎಂಟ್ ದಿನ ಉಂಡಿಲ್ಲ ನಾನು. ನಿಮಗ ಹೆಂಗ ಮನಸ ಬಂತ್ರಿ, ಇದ್ದೊಬ್ಬಾಕಿನ್ನ ದೇವರಿಗೆ ಬಿಡಾಕ?"

"ನಾ ಬಿಟ್ಟಿಲ್ಲ," ಎಂದೆ. "ಯಾರೂ ಬಿಟ್ಟಿಲ್ಲ. ಆಕಿ ತಾನ ಹೋಗ್ಯಾಳ."

ಆರು ವರ್ಷದಿಂದ ನಾನು ಎಲ್ಲರಿಗೂ ಹೇಳಿದ್ದು, ಸಿಸ್ಟರುಗಳು ನನ್ನ ಮಗಳನ್ನು ಕರೆದುಕೊಂಡರು ಎಂದು. ಆ ಹೆಂಗಸಿನ ಮಾತಿನಲ್ಲಿ ನಿನ್ನ ಬಗ್ಗೆ ಕನಿಕರ ಕೇಳಿದ ಕೂಡಲೇ ನನ್ನ ಬಾಯಿಂದ ಬೇರೆ ಮಾತು ಬಂತು. ನೀರು ಕುಡಿದು ಎದ್ದೆವು.

ಬಸ್ಸಿನಲ್ಲಿ ಹಂಪಕ್ಕ, "ಇವತ್ತ ಏನೋ ಅಂದ್ಯಲ್ಲ ಗಿಡ್ಡಿ," ಎಂದಳು.

"ಏನಂದೆ?"

"ಏನಿಲ್ಲ ಬಿಡು."

ಬಳ್ಳಾರಿಯ ವಿಷಯ ಇನ್ನೂ ಹೇಳಲಾರೆ.

ಅವ್ವ


೬ ಏಪ್ರಿಲ್ ೨೦೨೫

ಅವ್ವಾ,

ನಾನು ತಲೆ ಎತ್ತಿ ನೋಡಿದ್ದರೆ ನೀನು ಕಾಣುತ್ತಿದ್ದೆ. ಆ ಸಾಲು ಯಾವುದು, ಯಾವ ಗಿಡದ ಹತ್ತಿರ ಇದ್ದೆ ಎಂದು ನಿನ್ನೆ ಹೋಗಿ ನೋಡಿಕೊಂಡು ಬಂದೆ.

ಕರೆಯೋಲೆ ಅಚ್ಚಾಗಿದೆ. ಇದರ ಜೊತೆ ಒಂದು ಇಟ್ಟಿದ್ದೇನೆ. ಎಲ್ಲರದರಲ್ಲೂ ತಂದೆ ತಾಯಿ ಎಂದು ಎರಡು ಹೆಸರಿವೆ, ನನ್ನದರಲ್ಲಿ ಶ್ರೀಮತಿ ಗಿಡ್ಡಮ್ಮನವರ ಮಗಳು ಎಂದಷ್ಟೇ. ಒಂದನ್ನು ನಾಗಲಿಂಗಮ್ಮನವರಿಗೂ ಕೊಟ್ಟೆ. ಓದಿಸಿಕೊಂಡರು. ಬರುತ್ತೇನೆ ಎನ್ನಲಿಲ್ಲ, ಕರೆಯೋಲೆಯನ್ನು ತಿರುಗಿ ಕೊಡಲೂ ಇಲ್ಲ.

ಮೇ ಮೂರು, ಬೆಳಿಗ್ಗೆ ಹತ್ತು ಗಂಟೆ. ನಾವು ಐದು ಜನ. ನಾಲ್ವರ ಕೈ ಹಿಡಿಯಲು ಮನೆಯವರು ಬರುತ್ತಾರೆ. ನನ್ನ ಕೈ ಯಾರು ಹಿಡಿಯುತ್ತಾರೆ ಎಂದು ಬಳ್ಳಾರಿಯಿಂದ ಕೇಳಿದ್ದಾರೆ. ನಾನು ಇನ್ನೂ ಹೆಸರು ಕೊಟ್ಟಿಲ್ಲ.

ರೇಖಾ


ಅರಸೀಕೆರೆ
೨೦ ಏಪ್ರಿಲ್ ೨೦೨೫

ರೇಖಾ,

ನಾನು ಬರುತ್ತೇನೆ. ಹಿಂದಿನ ದಿನವೇ ಹೊರಡುತ್ತೇವೆ. ಹಂಪಕ್ಕ ಹೊಸ ಸೀರೆ ತೆಗೆದಿಟ್ಟಿದ್ದಾಳೆ.

ಆದರೆ ನಿನ್ನ ಕೈ ಹಿಡಿದು ಒಪ್ಪಿಸುವುದಿಲ್ಲ. ಅದನ್ನು ನನ್ನಿಂದ ಕೇಳಬೇಡ. ನನ್ನ ಅವ್ವ ನನ್ನ ಕೈ ಹಿಡಿದು ಗುಡ್ಡ ಹತ್ತಿಸಿದಳು. ದಾರಿಯಲ್ಲಿ ಎರಡು ಸಲ ಬಿಡಿಸಿಕೊಂಡೆ. ಎರಡು ಸಲವೂ ಹಿಡಿದು ಎಳೆದಳು. ಅವಳೂ ಅಳುತ್ತಿದ್ದಳು, ಆದರೆ ಹಿಡಿತ ಬಿಡಲಿಲ್ಲ. ಈ ಮಣಿಕಟ್ಟಿನಲ್ಲಿ ಆ ಹಿಡಿತ ಈಗಲೂ ಇದೆ. ಅಂಥ ಕೈಯಿಂದ ನಿನ್ನನ್ನು ಹಿಡಿಯಲಾರೆ.

ಸಿಸ್ಟರ್ ಬೆನೆಡಿಕ್ಟಾ ಅವರೂ ಹಿಡಿಯುವುದು ಬೇಡ. ಬಳ್ಳಾರಿಯವರಿಗೆ ಹೇಳು, ಇವಳನ್ನು ಒಪ್ಪಿಸುವವರು ಯಾರೂ ಇಲ್ಲ, ಇವಳೇ ಬರುತ್ತಾಳೆ ಎಂದು. ರೂಢಿ ಇಲ್ಲ ಎಂದರೆ ನಿನ್ನ ಅವ್ವನ ಮಾತು ಎನ್ನು.

ಬಾಗಿಲಿನಿಂದ ಒಬ್ಬಳೇ ನಡೆ. ನಿಧಾನವಾಗಿ ನಡೆ, ಅವಸರವಿಲ್ಲ. ನಾನು ಮುಂದಿನ ಸಾಲಿಗೆ ಬರುವುದಿಲ್ಲ, ಬಾಗಿಲ ಹತ್ತಿರವೇ ಕೂತಿರುತ್ತೇನೆ. ನಡುವೆ ಎಲ್ಲಾದರೂ ತಿರುಗಿ ಬರಬೇಕೆನಿಸಿದರೆ ಬಂದುಬಿಡು, ಯಾರೇನೆಂದರೂ ನಾನು ನೋಡಿಕೊಳ್ಳುತ್ತೇನೆ. ಅನಿಸದಿದ್ದರೆ ನಡೆಯುತ್ತಾ ಹೋಗು.

ನಿನ್ನ ಅವ್ವ